ಆಸ್ಪತ್ರೆಯಂತೆ ಕಾಣಬಾರದು ಎಂದಳು ಅಮ್ಮ

ಹೋದ ವರ್ಷ ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಳ್ಳಲು ಹೋದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಬೀಳುವಾಗ ಕೈಗೆ ಸಿಕ್ಕಿದ್ದು ಟವೆಲ್ ಹಾಕುವ ಕಂಬಿ. ನಾಲ್ಕು ಸಣ್ಣ ಸ್ಕ್ರೂಗಳ ಮೇಲೆ ನಿಂತಿದ್ದ ಆ ಕಂಬಿ ಅವಳ ಜೊತೆಗೇ ಕಿತ್ತುಕೊಂಡು ಬಂತು. ಬಲ ಮಣಿಕಟ್ಟು ಮುರಿಯಿತು. ಸೊಂಟದ ಮೂಳೆಗೆ ಏನೂ ಆಗಲಿಲ್ಲ ಎಂಬುದೇ ಪುಣ್ಯ. ಎಪ್ಪತ್ತೆಂಟರಲ್ಲಿ ಸೊಂಟ ಮುರಿದವರು ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟು ಕಷ್ಟ ಎಂಬುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ಇವತ್ತಿಗೂ ನೆನೆದರೆ ಎದೆ ನಡುಗುವುದು ಬಾಗಿಲಿನ ವಿಷಯಕ್ಕೆ. ಚಿಲಕ ಹಾಕಿರಲಿಲ್ಲ. ಆದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅಮ್ಮ ಬಿದ್ದಿದ್ದು ಅದಕ್ಕೆ ಅಡ್ಡವಾಗಿ. ತಳ್ಳಿದರೆ ಅವಳಿಗೆ ತಗಲುತ್ತದೆ, ತಳ್ಳದಿದ್ದರೆ ನಾನು ಒಳಗೆ ಹೋಗಲಾರೆ. ಒಂದೊಂದೇ ಬೆರಳಷ್ಟು ಸರಿಸಿಕೊಂಡು, ಪಕ್ಕಕ್ಕೆ ತಿರುಗಿ ನುಸುಳುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಆ ಹತ್ತು ನಿಮಿಷವೂ ಅವಳು ಒಳಗಿನಿಂದ "ನನಗೇನೂ ಆಗಿಲ್ಲ, ನೀನು ಹೆದರಬೇಡ" ಎನ್ನುತ್ತಲೇ ಇದ್ದಳು.

ಇದು ಕುವೆಂಪುನಗರದಲ್ಲಿ ಅಪ್ಪ 1984ರಲ್ಲಿ ಕಟ್ಟಿಸಿದ ಮನೆ. ಆಗ ಬಚ್ಚಲಲ್ಲಿ ತಾಮ್ರದ ಹಂಡೆ, ಒಲೆ, ಉಳಿಯಿಂದ ಕಚ್ಚು ಹೊಡೆದ ಬಚ್ಚಲುಕಲ್ಲು ಇದ್ದವು. ಆ ಒರಟು ಕಲ್ಲಿನ ಮೇಲೆ ಮೈತುಂಬ ಹರಳೆಣ್ಣೆ ಸುರಿದುಕೊಂಡು ಕೂತರೂ ನಾವು ಮಕ್ಕಳು ಯಾರೂ ಜಾರಿದ್ದು ನೆನಪಿಲ್ಲ. 2003ರಲ್ಲಿ ನಾನೇ ಮುಂದೆ ನಿಂತು ಕಲ್ಲು ಕೀಳಿಸಿ, ಮುಖ ಕಾಣುವಷ್ಟು ಹೊಳೆಯುವ ಕೆನೆಬಣ್ಣದ ಟೈಲ್ಸ್ ಹಾಕಿಸಿದೆ. ಬಂದವರೆಲ್ಲ ಹೊಗಳಿದ್ದರು. ಅಮ್ಮ ಜಾರಿದ್ದು ಆ ಟೈಲ್ಸ್ ಮೇಲೆ.

ಮಣಿಕಟ್ಟಿಗೆ ಹಾಕಿದ್ದ ಪ್ಲಾಸ್ಟರ್ ಬಿಚ್ಚಿದ ದಿನವೇ ಬಚ್ಚಲನ್ನು ಪೂರ್ತಿ ಒಡೆದು ಕಟ್ಟಿಸೋಣ ಎಂದೆ. ಅಮ್ಮ ಒಂದೇ ಷರತ್ತು ಹಾಕಿದಳು. "ಏನು ಬೇಕಾದರೂ ಮಾಡಿಸು, ಆಸ್ಪತ್ರೆಯ ಹಾಗೆ ಮಾತ್ರ ಕಾಣಬಾರದು. ನಿಮ್ಮಪ್ಪನ ಜೊತೆ ಹದಿನೇಳು ದಿನ ಅಲ್ಲಿದ್ದೆ. ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡಲಾರೆ."

ಮೊದಲು ನನಗೆ ಸಿಟ್ಟು ಬಂತು. ಜೀವ ಉಳಿಸುವ ಮಾತಾಡುವಾಗ ಅಂದಚಂದದ ಮಾತೇಕೆ ಎನಿಸಿತು. ರಾತ್ರಿ ಅಟ್ಟದಲ್ಲಿದ್ದ ಅಪ್ಪನ ಕಮೋಡ್ ಕುರ್ಚಿ ನೆನಪಾಯಿತು. ನೀಲಿ ಪ್ಲಾಸ್ಟಿಕ್ ಸೀಟು, ಕ್ರೋಮ್ ಕಾಲುಗಳು. ಅಪ್ಪ ಅದರ ಮೇಲೆ ಎರಡು ಸಲವೂ ಕೂರಲಿಲ್ಲ. ಮನೆಗೆ ನೆಂಟರು ಬಂದರೆ ಅದನ್ನು ಬಟ್ಟೆ ಹೊದಿಸಿ ಮುಚ್ಚಿಡಲು ಹೇಳುತ್ತಿದ್ದರು. ಗೋಡೆ ಹಿಡಿದುಕೊಂಡು ಹೋಗುತ್ತಿದ್ದರೇ ಹೊರತು ಅದನ್ನು ಮುಟ್ಟುತ್ತಿರಲಿಲ್ಲ. ಸಲಕರಣೆ ಚೆನ್ನಾಗಿಯೇ ಇತ್ತು, ಆದರೆ ನೋಡಿದಾಗಲೆಲ್ಲ "ನೀನು ರೋಗಿ" ಎನ್ನುತ್ತಿತ್ತು. ಅಮ್ಮ ಕೇಳಿದ್ದು ಅಲಂಕಾರವನ್ನಲ್ಲ ಎಂದು ಆಗ ಅರ್ಥವಾಯಿತು. ಮನಸ್ಸಿಗೆ ಹಿಡಿಸದ ಆಸರೆಯನ್ನು ಜನ ಹಿಡಿಯುವುದಿಲ್ಲ. ಹಿಡಿಯದ ಆಸರೆ ಗೋಡೆಯ ಮೇಲೆ ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ?

ಸ್ಯಾನಿಟರಿ ಅಂಗಡಿಗೆ ಹೋದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಮುಂದಿನ ಸಾಲಿನಲ್ಲಿ ಚಿನ್ನದ ಬಣ್ಣದ ನಲ್ಲಿಗಳು, ಕಮಲದಂಥ ಬೇಸಿನ್‌ಗಳು, ದೀಪಗಳ ಥಳಕು. ಹಿಡಿದುಕೊಳ್ಳುವ ಕಂಬಿ ಎಲ್ಲಿ ಎಂದು ಕೇಳಿದರೆ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ತೆರೆದರು. ಬಿಳಿ ಪ್ಲಾಸ್ಟಿಕ್ ಹೊದಿಸಿದ ದಪ್ಪ ಕೊಳವೆಗಳು. "ಮನೆಯಲ್ಲಿ ಯಾರಿಗೆ ಹುಷಾರಿಲ್ಲ?" ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ ಸ್ವಾಮಿ, ನಮ್ಮ ತಾಯಿಗೆ ವಯಸ್ಸಾಗಿದೆ ಅಷ್ಟೆ ಎಂದೆ. ವಯಸ್ಸಾಗುವುದನ್ನು ಕಾಯಿಲೆ ಎಂದುಕೊಂಡು ಹಿಂದಿನ ಉಗ್ರಾಣಕ್ಕೆ ತಳ್ಳುವ ಈ ಬುದ್ಧಿ ನಮ್ಮ ಮನೆಗಳಲ್ಲೂ ಇದೆ, ಅಂಗಡಿಯವರನ್ನೊಬ್ಬರನ್ನೇ ದೂರಿ ಫಲವಿಲ್ಲ.

ಅಮೆರಿಕದಲ್ಲಿ ರೊನಾಲ್ಡ್ ಮೇಸ್ ಎಂಬ ವಾಸ್ತುಶಿಲ್ಪಿ ಇದ್ದರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿ ಬಳಸುತ್ತಿದ್ದವರು. ಅಂಗವಿಕಲರಿಗೆಂದು ಬೇರೆಯೇ ವಿನ್ಯಾಸ ಮಾಡುವ ಬದಲು ಎಲ್ಲರಿಗೂ ಒದಗುವಂತೆ, ಎಲ್ಲರ ಕಣ್ಣಿಗೂ ಹಿಡಿಸುವಂತೆ ಮೊದಲೇ ಕಟ್ಟಬೇಕು ಎಂದವರು ಅವರು. 'ಯೂನಿವರ್ಸಲ್ ಡಿಸೈನ್' ಎಂಬ ಹೆಸರು ಬಂದದ್ದೂ ಅವರಿಂದಲೇ. ಅವರ ಬಗ್ಗೆ ಓದಿದಾಗ ಅಮ್ಮನ ಷರತ್ತು ಅವಳೊಬ್ಬಳ ಹಟವಾಗಿ ಕಾಣಲಿಲ್ಲ.

ನಮ್ಮ ಮನೆಯಲ್ಲಿ ಬಚ್ಚಲು ಏಳಡಿಗೆ ಐದಡಿ, ಪಕ್ಕದ ಪಾಯಿಖಾನೆ ನಾಲ್ಕಡಿಗೆ ಐದಡಿ. ನಡುವೆ ನಾಲ್ಕೂವರೆ ಇಂಚಿನ ಗೋಡೆ. ಬಚ್ಚಲಿಗೆ ನಾಲ್ಕು ಇಂಚು ಇಳಿಯಬೇಕು, ಪಾಯಿಖಾನೆಗೆ ಒಂದು ಮೆಟ್ಟಿಲು ಹತ್ತಬೇಕು. ಗಾಲಿಕುರ್ಚಿ ಪೂರ್ತಿ ತಿರುಗಲು 1500 ಮಿಲಿಮೀಟರ್ ಜಾಗ ಬೇಕು ಎನ್ನುತ್ತವೆ ಸರ್ಕಾರದ ಮಾರ್ಗಸೂಚಿಗಳು, ಅಂದರೆ ಹೆಚ್ಚುಕಡಿಮೆ ಐದಡಿ. ಅಮ್ಮನಿಗೆ ಗಾಲಿಕುರ್ಚಿಯ ಅಗತ್ಯ ಇಲ್ಲ. ಮುಂದೆ ಬಂದರೆ ಮತ್ತೆ ಒಡೆಯುವುದು ಬೇಡ ಎಂದು ನಡುವಿನ ಗೋಡೆ ತೆಗೆಸಲು ಹೊರಟೆ.

ಅಲ್ಲಿಗೆ ಅಮ್ಮನ ಎರಡನೆಯ ಆಕ್ಷೇಪ ಎದ್ದಿತು. ಮಡಿ ಉಡುವ ಜಾಗ, ಪಾಯಿಖಾನೆ ಎರಡೂ ಒಂದೇ ಕೋಣೆಯಲ್ಲಿ ಹೇಗಿರಲು ಸಾಧ್ಯ? ಇದನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಅದು ಅವಳು ಸ್ನಾನ ಮಾಡುವ ಜಾಗ. ಅರ್ಧ ಗೋಡೆ ಎಬ್ಬಿಸಿದರೆ ಕುರ್ಚಿ ತಿರುಗುವ ಜಾಗ ಹೋಗುತ್ತದೆ. ವಾರವಿಡೀ ಯೋಚಿಸಿ, ಸೂರಿನಿಂದ ನೆಲದವರೆಗೆ ಇಳಿಬಿಡುವ ನೀರು ಹಿಡಿಯದ ದಪ್ಪ ಪರದೆ ಹಾಕಿಸುವುದು, ಎರಡು ಕಡೆಯ ನೀರಿಗೂ ಬೇರೆ ಬೇರೆ ಜಾಲರಿ ಇಡಿಸುವುದು ಎಂದು ತೀರ್ಮಾನಿಸಿದೆವು. ಅಲ್ಲಿಯ ನೀರು ಇಲ್ಲಿಗೆ ಹರಿಯುವುದಿಲ್ಲ ಎಂದ ಮೇಲೆ ಒಪ್ಪಿದಳು.

ಮೇಸ್ತ್ರಿಯ ಚಿಂತೆಯೂ ನೀರಿನದೇ, ಆದರೆ ಬೇರೆ ಬಗೆಯದು. "ಹೊಸ್ತಿಲು ಇಲ್ಲದೆ ಬಚ್ಚಲು ಮಾಡಿದರೆ ಹಾಲ್‌ಗೆ ನೀರು ಬರುತ್ತದೆ ಅಕ್ಕಾ, ನನ್ನ ಹೆಸರು ಕೆಡುತ್ತದೆ" ಎಂದರು. ಮೂವತ್ತು ವರ್ಷದಿಂದ ಹೊಸ್ತಿಲು ಇಟ್ಟೇ ಕೆಲಸ ಮಾಡಿದವರು. ಹೊಸ್ತಿಲು ಬೇಡ, ವಾಟ ಸರಿಯಾಗಿ ಕೊಡಿ, ಬಾಗಿಲಿನ ಉದ್ದಕ್ಕೂ ಒಂದು ಕಾಲುವೆ ಜಾಲರಿ ಇಡಿ ಎಂದೆ. ಸ್ನಾನದ ಕಡೆಗೆ ಐದಡಿಗೆ ಮುಕ್ಕಾಲು ಇಂಚು ವಾಟ. ಅದಕ್ಕಿಂತ ಹೆಚ್ಚಾದರೆ ಕಾಲಿಗೆ ಇಳಿಜಾರು ಗೊತ್ತಾಗಿ ವಯಸ್ಸಾದವರು ತೂಗಾಡುತ್ತಾರೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ವಾಟರ್‌ಪ್ರೂಫಿಂಗ್ ಆದ ಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಆ ದಿನಗಳಲ್ಲಿ ಪಕ್ಕದ ಮನೆಯವರು ಅಮ್ಮನಿಗೆ ಬಚ್ಚಲು ಬಿಟ್ಟುಕೊಟ್ಟರು. ನೆಲ ಮುಗಿದ ಮೇಲೆ ಮೇಸ್ತ್ರಿ ತಾವೇ ಹತ್ತು ಬಕೆಟ್ ನೀರು ಒಂದರ ಹಿಂದೊಂದು ಸುರಿದು ಬಾಗಿಲ ಬಳಿ ಕೂತು ನೋಡಿದರು. ಒಂದು ಹನಿಯೂ ಆಚೆ ಬರಲಿಲ್ಲ. ಈಗ ಬೇರೆ ಮನೆಗಳಿಗೂ ಇದನ್ನೇ ಹೇಳುತ್ತಿದ್ದಾರಂತೆ.

ನೆಲಕ್ಕೆ ಏನು ಹಾಕುವುದು ಎಂಬುದಕ್ಕೆ ಹೆಚ್ಚು ದಿನ ಹಿಡಿಯಿತು. ಟೈಲ್ಸ್ ಪೆಟ್ಟಿಗೆಯ ಮೇಲೆ ಆರ್9, ಆರ್10, ಆರ್11 ಎಂದು ಬರೆದಿರುತ್ತಾರೆ. ಅಂಕಿ ಏರಿದಷ್ಟೂ ಜಾರುವುದು ಕಡಿಮೆ. ಆದರೆ ಆ ಪರೀಕ್ಷೆಯನ್ನು ಮಾಡುವುದು ಬೂಟು ಹಾಕಿದ ಕಾಲಿನಿಂದ. ಬರಿಗಾಲಿನಲ್ಲಿ, ಸಾಬೂನು ನೀರಿನಲ್ಲಿ ಮಾಡುವ ಪರೀಕ್ಷೆ ಬೇರೆ ಇದೆ, ಅದಕ್ಕೆ ಎ, ಬಿ, ಸಿ ಎಂಬ ದರ್ಜೆ. ನಮ್ಮ ಬಚ್ಚಲಿಗೆ ಬೇಕಾದ್ದು ಈ ಎರಡನೆಯದು. ಇದರಲ್ಲಿ ಸಿ ದರ್ಜೆಯದು ಎಲ್ಲಕ್ಕಿಂತ ಕಡಿಮೆ ಜಾರುತ್ತದೆ. ನಾಲ್ಕು ಅಂಗಡಿಗಳಲ್ಲಿ ಕೇಳಿದೆ, ಯಾರಿಗೂ ಈ ದರ್ಜೆಯ ಸುದ್ದಿ ಗೊತ್ತಿರಲಿಲ್ಲ. ಕೊನೆಗೆ ಟೈಲ್ಸ್ ಬಿಟ್ಟು, ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲನ್ನೇ ಬೆಂಕಿಯಲ್ಲಿ ಸುಟ್ಟು ಮೇಲ್ಮೈ ಒರಟು ಮಾಡಿಸಿ ತಂದೆವು. ಬೂದುಬಣ್ಣದ, ಒದ್ದೆಯಾದರೆ ಮಳೆಯಲ್ಲಿ ನೆನೆದ ದೇವಸ್ಥಾನದ ಅಂಗಳದಂತೆ ಕಾಣುವ ಕಲ್ಲು. ಅಮ್ಮ ಅದರ ಮೇಲೆ ಬರಿಗಾಲಲ್ಲಿ ನಿಂತು, "ಇದು ನಮ್ಮ ಹಳೆಯ ಬಚ್ಚಲೇ ಅಲ್ಲವೇ" ಎಂದಳು. ಒರಟು ಕಲ್ಲಿಗೆ ಸಾಬೂನಿನ ಜಿಡ್ಡು ಬೇಗ ಹಿಡಿಯುತ್ತದೆ, ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಲೇಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ತಿಕ್ಕುವವರಿಲ್ಲದ ಮನೆಗೆ ಇದು ಬೇಡ.

ಗೋಡೆ ತಿಳಿ ಸುಣ್ಣದ ಬಣ್ಣ, ನೆಲ ಬೂದು, ಕಮೋಡ್ ಬಿಳಿ. ಇದು ಬರೀ ಅಂದಕ್ಕೆ ಆರಿಸಿದ್ದಲ್ಲ. ಕಣ್ಣಿನ ಪೊರೆ ಬಂದವರಿಗೆ ಬಿಳಿ ನೆಲದ ಮೇಲಿನ ಬಿಳಿ ಕಮೋಡ್ ಎಲ್ಲಿ ಶುರುವಾಗುತ್ತದೆ ಎಂಬುದೇ ಕಾಣುವುದಿಲ್ಲ. ಅಂಚಿನ ಅಂದಾಜು ತಪ್ಪಿ ಕೂರಲು ಹೋಗಿ ಬೀಳುತ್ತಾರೆ. ಕಮೋಡಿನ ಎತ್ತರ ಮೊದಲು ಹದಿನೈದು ಇಂಚು ಇತ್ತು, ಈಗ ಸೀಟು ಸೇರಿ ಹದಿನೆಂಟು. ಮೂರು ಇಂಚು ಎಷ್ಟು ದೊಡ್ಡದು ಎಂಬುದನ್ನು ಮಂಡಿ ನೋವಿದ್ದವರನ್ನು ಕೇಳಿ.

ಇನ್ನು ಕಂಬಿಗಳು. ನಮ್ಮ ನಡುಮನೆಯಲ್ಲಿ ತೂಗುಮಣೆ ಇದೆ, ಅದರ ಹಿತ್ತಾಳೆ ಸರಪಳಿಯನ್ನು ಅಮ್ಮ ಹಬ್ಬ ಬಂದಾಗಲೆಲ್ಲ ಹುಣಿಸೆಹಣ್ಣು ಹಾಕಿ ಬೆಳಗುತ್ತಾಳೆ. ಅದೇ ಬಣ್ಣದ, ಹೊಳಪಿಲ್ಲದ ಸ್ಟೀಲ್ ಕಂಬಿಗಳನ್ನು ಬೆಂಗಳೂರಿನಿಂದ ತರಿಸಿದೆ. ಒಂದೂವರೆ ಇಂಚು ದಪ್ಪ, ಅಮ್ಮನ ಸಣ್ಣ ಹಸ್ತ ಸುತ್ತಲು ಸರಿಯಾಗಿ. ಗೋಡೆಗೂ ಕಂಬಿಗೂ ನಡುವೆ ಬೆರಳು ಆಡುವಷ್ಟು ಜಾಗ ಇರಬೇಕು, ಕೈ ಜಾರಿದರೆ ಮುಂಗೈ ಸಿಕ್ಕಿಕೊಳ್ಳುವಷ್ಟು ಇರಬಾರದು. ಅರ್ಧ ಇಟ್ಟಿಗೆಯ ಗೋಡೆಗೆ ಬರೀ ಸ್ಕ್ರೂ ಹೊಡೆದರೆ ಮತ್ತೆ ಟವೆಲ್ ಕಂಬಿಯ ಕಥೆಯೇ. ಹಾಗಾಗಿ ಗೋಡೆಗೆ ಟೈಲ್ಸ್ ಅಂಟಿಸುವ ಮೊದಲೇ ಕಂಬಿ ಬರುವ ಕಡೆ ಇಟ್ಟಿಗೆ ತೆಗೆಸಿ ಕಾಂಕ್ರೀಟ್ ತುಂಬಿಸಿದೆವು. ಎತ್ತರವನ್ನು ಪುಸ್ತಕ ನೋಡಿ ಇಡಲಿಲ್ಲ. ಅಮ್ಮ ಕೂತು ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂದು ಹತ್ತು ಸಲ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು. ಅವಳು ನಾಲ್ಕಡಿ ಹತ್ತಿಂಚು ಇರುವವಳು, ಸರಾಸರಿಯ ಲೆಕ್ಕ ಅವಳಿಗೆ ಹೊಂದುವುದಿಲ್ಲ. ಎಲ್ಲ ಮುಗಿದ ಮೇಲೆ ಮೇಸ್ತ್ರಿ ಪ್ರತಿ ಕಂಬಿಗೂ ಜೋತುಬಿದ್ದು, "ನಾನೇ ಬೀಳಲಿಲ್ಲ, ನೀವು ಧೈರ್ಯವಾಗಿ ಹಿಡಿಯಿರಿ ಅಮ್ಮಾವರೇ" ಎಂದರು. ನೋಡಲು ಬಂದ ಅತ್ತಿಗೆಗೆ ಅದು ಆಸರೆಯ ಕಂಬಿ ಎಂದೇ ತಿಳಿಯಲಿಲ್ಲ. ಎಲ್ಲಿ ಸಿಗುತ್ತದೆ, ನಮ್ಮ ಮನೆಗೂ ಬೇಕು ಎಂದಳು.

ಇಂಟರ್‌ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲೆಲ್ಲ ಷವರ್. ಅಮ್ಮನ ಸ್ನಾನ ಬಕೆಟ್, ಚೊಂಬಿನದು. ತಲೆಯ ಮೇಲಿಂದ ಮಳೆಯಂತೆ ಸುರಿಯುವ ನೀರು ಅವಳಿಗೆ ಸ್ನಾನವೇ ಅಲ್ಲ. ಕೂರಲು ಗೋಡೆಗೆ ಹುದುಗಿಸಿದ ಹದಿನೆಂಟು ಇಂಚು ಎತ್ತರದ ಕಲ್ಲಿನ ಜಗಲಿ ಮಾಡಿಸಿದೆವು, ಅಂಚುಗಳನ್ನೆಲ್ಲ ಗುಂಡಗೆ ಮಾಡಿ. ಅಷ್ಟೇ ಮಾಡಿ ಬಿಟ್ಟಿದ್ದರೆ ಬಕೆಟ್ ನೆಲದಲ್ಲಿ ಇರುತ್ತಿತ್ತು, ಪ್ರತಿ ಚೊಂಬಿಗೂ ಅವಳು ಬಗ್ಗಬೇಕಾಗುತ್ತಿತ್ತು. ಆದ್ದರಿಂದ ಜಗಲಿಯ ಪಕ್ಕದಲ್ಲೇ ಒಂದಡಿ ಎತ್ತರದ ಪುಟ್ಟ ಕಟ್ಟೆ, ಅದರ ಮೇಲೆ ಬಕೆಟ್. ನಲ್ಲಿ ನೇರ ಅದಕ್ಕೇ ಬೀಳುತ್ತದೆ. ತಿರುಗಿಸುವ ನಲ್ಲಿ ಹೋಗಿ ಎತ್ತಿ ಇಳಿಸುವ ಲಿವರ್ ಬಂತು, ಮುರಿದು ಕೂಡಿದ ಮಣಿಕಟ್ಟಿಗೂ ಭಾರವಾಗದಂತೆ. ಈ ಕಟ್ಟೆಯಷ್ಟು ಸಣ್ಣ ಖರ್ಚಿನಲ್ಲಿ ಇಷ್ಟು ಸುಖ ಕೊಟ್ಟ ಬೇರೊಂದು ಕೆಲಸ ಇಡೀ ಮನೆಯಲ್ಲಿ ಇಲ್ಲ.

ಬಾಗಿಲು ಈಗ ಹೊರಕ್ಕೆ ತೆರೆಯುತ್ತದೆ. ಎರಡೂಕಾಲು ಅಡಿ ಇದ್ದದ್ದು ಮೂರಡಿಯಾಗಿದೆ. ಚಿಲಕವನ್ನು ಹೊರಗಿನಿಂದಲೂ ನಾಣ್ಯ ಹಾಕಿ ತಿರುಗಿಸಬಹುದು. ಗೀಸರ್ ಬಿಸಿಯನ್ನು 50 ಡಿಗ್ರಿಗೆ ಇಳಿಸಿದ್ದೇವೆ. ರಾತ್ರಿ ಕಾಲಿಟ್ಟರೆ ತಾನೇ ಹೊತ್ತಿಕೊಳ್ಳುವ ಮಂದ ದೀಪ ಕೆಳಗಡೆ ಇದೆ.

ಎಲ್ಲ ಸೇರಿ ಎರಡು ಲಕ್ಷ ಅರವತ್ತು ಸಾವಿರ ಆಯಿತು. ದೊಡ್ಡ ಮೊತ್ತವೇ. ಆದರೆ ಅರ್ಧಕ್ಕಿಂತ ಹೆಚ್ಚು ಹೋದದ್ದು ಹಿಂದೆ ಕಟ್ಟಿದ್ದನ್ನು ಒಡೆದು ಸರಿಮಾಡಲು. ಹೊಸ ಮನೆ, ಫ್ಲ್ಯಾಟ್ ಕಟ್ಟುವವರ ಮೇಲೆ ನನಗೆ ನಿಜವಾಗಿ ಕೋಪ ಬರುವುದು ಇಲ್ಲಿಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆಯಾಗಿರಬಾರದು, ಕಡ್ಡಾಯವಾಗಿರಬೇಕು ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಮ್ಮ ಮನೆಯೊಳಗಿನ ಬಚ್ಚಲಿಗೆ ಯಾವ ಅಧಿಕಾರಿಯೂ ಬಂದು ಅಳತೆ ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ ಕೋಟಿ ರೂಪಾಯಿಯ ಫ್ಲ್ಯಾಟ್ ಕೊಂಡ ತಮ್ಮನ ಮನೆಯ ಬಚ್ಚಲಿನ ಬಾಗಿಲು ಎರಡೂವರೆ ಅಡಿ. ಚೌಕಟ್ಟು, ರೆಕ್ಕೆ ಕಳೆದರೆ ಗಾಲಿಕುರ್ಚಿ ಗೀಚಿಕೊಂಡು ಸಹ ಹೋಗುವುದಿಲ್ಲ. ಕಟ್ಟುವಾಗಲೇ ಮೂರಡಿ ಬಿಟ್ಟಿದ್ದರೆ ಎಷ್ಟು ಹೆಚ್ಚಾಗುತ್ತಿತ್ತು? ಫ್ಲ್ಯಾಟ್ ನೋಡಲು ಹೋಗುವವರು ಈಜುಕೊಳದ ಉದ್ದ ಕೇಳುವ ಮೊದಲು ಬಚ್ಚಲಿನ ಬಾಗಿಲಿನ ಅಗಲ ಕೇಳಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಳತೆಗಳು ಬೇಕಾದವರು ಬರೆಯಿರಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ದೀಪಾವಳಿಯ ಹೊತ್ತಿಗೆ ಕೆಲಸ ಮುಗಿದಿತ್ತು. ನೀರು ತುಂಬುವ ಹಬ್ಬದ ಸಂಜೆ, ಹಂಡೆ ಇಲ್ಲದಿದ್ದರೂ, ಅಮ್ಮ ಗೀಸರಿನ ಕೆಳಗಿನ ಗೋಡೆಗೆ ಸುಣ್ಣದ ಪಟ್ಟೆ ಎಳೆದು, ಹಿಂಡಲೆಕಾಯಿಯ ಬಳ್ಳಿಯನ್ನು ಹಿತ್ತಾಳೆ ಬಣ್ಣದ ಕಂಬಿಗೆ ಸುತ್ತಿದಳು. ಮಾರನೆಯ ನಸುಕಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಎಣ್ಣೆನೀರು ಹಾಕಿಕೊಂಡಳು. ನಾನು ಹೊರಗೆ ಚೊಂಬಿನ ಸದ್ದು ಕೇಳುತ್ತ ಕೂತಿದ್ದೆ.

ಕನ್ನಡಿ ಒಂದು ತಪ್ಪಾಗಿದೆ. ನನ್ನ ಎತ್ತರಕ್ಕೆ ಹಾಕಿಸಿಬಿಟ್ಟಿದ್ದೇನೆ. ಜಗಲಿಯ ಮೇಲೆ ಕೂತು ಕುಂಕುಮ ಇಟ್ಟುಕೊಳ್ಳಲು ಹೋದರೆ ಅಮ್ಮನಿಗೆ ಕಾಣುವುದು ಮುಂದಲೆಯ ಕೂದಲು ಮಾತ್ರ. ಬರುವ ಭಾನುವಾರ ಮೇಸ್ತ್ರಿ ಬಂದು ಒಂದಡಿ ಇಳಿಸಿಕೊಡುತ್ತಾರೆ.