ಬಡವರನ್ನೇ ಎಷ್ಟು ಅಂತ ಕೆದಕ್ತೀರಿ?

ಈಗಷ್ಟೇ ಅಸಮಾನತೆಯ ಸಂಶೋಧನೆ ಬಗ್ಗೆ ಒಂದು ಆನ್‌ಲೈನ್ ಸೆಮಿನಾರ್ ಕೇಳಿ ಎದ್ದೆ. ತಲೆ ಬಿಸಿಯಾಗಿದೆ. ಬಡವರು ಏನು ತಿನ್ನುತ್ತಾರೆ, ಎಷ್ಟು ಸಾಲ ಮಾಡುತ್ತಾರೆ, ಮಕ್ಕಳನ್ನು ಯಾಕೆ ಶಾಲೆ ಬಿಡಿಸುತ್ತಾರೆ, ಎಲ್ಲಾ ಬಂತು. ಚೆಂದದ ಗ್ರಾಫ್ ಬೇರೆ. ಶ್ರೀಮಂತರು? ಒಂದೇ ಒಂದು ಸ್ಲೈಡ್. ಅದರಲ್ಲೂ ‘ಮಾಹಿತಿ ಸಾಕಷ್ಟಿಲ್ಲ’ ಅಂತ ಸಣ್ಣ ಅಕ್ಷರ. ಚಾಟ್‌ನಲ್ಲಿ ಇದನ್ನೇ ಕೇಳಿದೆ. ‘ಒಳ್ಳೆಯ ಪ್ರಶ್ನೆ’ ಅಂದರು, ಮುಂದಕ್ಕೆ ಹೋದರು.

ಅಸಮಾನತೆ ಅಂದರೆ ಮೇಲಿನವರಿಗೂ ಕೆಳಗಿನವರಿಗೂ ಇರುವ ಅಂತರ ಅಲ್ವಾ? ಒಂದು ತುದಿ ಮಾತ್ರ ನೋಡಿ ಅಂತರ ಅಳೆಯೋದು ಹೇಗೆ ಸ್ವಾಮಿ?

ನಾನು ಸರ್ವೆ ಫಾರಂ ಹಿಡಿದು ಮನೆ ಮನೆ ಸುತ್ತಿದವಳು. ಬಡವರ ಮನೆಯಲ್ಲಿ ಕೂರಿಸಿ ಮಾತಾಡುತ್ತಿದ್ದರು. ಗಂಡನಿಗೂ ಹೇಳದ ಸಾಲದ ಲೆಕ್ಕವನ್ನು ಹೆಂಗಸರು ನನಗೆ ಹೇಳಿದ್ದಾರೆ. ದೊಡ್ಡ ಮನೆಗಳಲ್ಲಿ ವಾಚ್‌ಮನ್ ಹತ್ತಿರವೇ ಸಂದರ್ಶನ ಮುಗಿಯುತ್ತಿತ್ತು.

ಮೇಲ್ತುದಿಯವರು ಸರ್ವೆಗೆ ಸಿಗುವುದಿಲ್ಲ, ಸಿಕ್ಕರೂ ಆದಾಯ ಕಡಿಮೆ ಹೇಳುತ್ತಾರೆ. ಈ ವಿಷಯ ಓದಿದ ಎಲ್ಲರಿಗೂ ಇದು ಗೊತ್ತು. ಹಾಗಾಗಿ ಬರೀ ಸರ್ವೆಯಿಂದ ತೆಗೆದ ಗಿನಿ ಸೂಚ್ಯಂಕ, ಅಂದರೆ ಅಸಮಾನತೆ ಎಷ್ಟಿದೆ ಅಂತ ಅಳೆಯುವ ಅಂಕಿ, ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ತೋರಿಸುತ್ತದೆ. ಆಮೇಲೆ ಅದನ್ನೇ ಹಿಡಿದುಕೊಂಡು ‘ನೋಡಿ, ಅಸಮಾನತೆ ಅಷ್ಟೇನಿಲ್ಲ’ ಅಂತ ಭಾಷಣ.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಆಸ್ತಿಪಾಸ್ತಿಯ ಸರ್ವೆ ಮಾಡಿಸುತ್ತದೆ. ಶ್ರೀಮಂತರು ತಪ್ಪಿಹೋಗಬಾರದು ಅಂತ ತೆರಿಗೆ ದಾಖಲೆ ನೋಡಿ ಅವರನ್ನು ಬೇಕಂತಲೇ ಜಾಸ್ತಿ ಆರಿಸುತ್ತದೆ. ಭೇಷ್. ಆದರೆ ಅಲ್ಲಿನ ಅತಿ ಶ್ರೀಮಂತರ ಫೋರ್ಬ್ಸ್ 400 ಪಟ್ಟಿಯಲ್ಲಿ ಇರುವವರನ್ನು ಮೊದಲೇ ಕೈಬಿಡುತ್ತದೆ! ಅವರ ಗುರುತು ಬಯಲಾಗಿಬಿಡುತ್ತದಂತೆ. ಪಾಪ.

ಅಧಿಕಾರ ಇರುವವರ ಕಡೆಗೂ ಸ್ವಲ್ಪ ತಿರುಗಿ ನೋಡಿ ಅಂತ ಮಾನವಶಾಸ್ತ್ರಜ್ಞೆ ಲಾರಾ ನೇಡರ್ 1972ರಲ್ಲೇ ಬರೆದಿದ್ದರು. 50 ವರ್ಷ ದಾಟಿತು.

ಈಗ ಯಾರಾದರೂ ಬರುತ್ತೀರಿ, ‘ತೆರಿಗೆ ದಾಖಲೆ ಇದೆಯಲ್ಲ, ಅದನ್ನಿಟ್ಟುಕೊಂಡೇ ಅರ್ಥಶಾಸ್ತ್ರಜ್ಞರಾದ ಪಿಕೆಟ್ಟಿ, ಸಾಯೆಜ್ ಎಲ್ಲಾ ಶ್ರೀಮಂತರ ಲೆಕ್ಕ ಮಾಡಿದ್ದಾರಲ್ಲ’ ಅಂತ. ಮಾಡಿದ್ದಾರೆ. ಅವರಿಗಿಂತ ಮೊದಲು, 1953ರಲ್ಲಿ ಕುಜ್ನೆಟ್ಸ್ ಕೂಡ ಮಾಡಿದ್ದರು. ಗೌರವ ಇದೆ. ಆದರೆ ತೆರಿಗೆ ಫಾರಂನಲ್ಲಿ ಕಾಣೋದು ಅವರು ತೋರಿಸಿದ ದುಡ್ಡು. ಬಚ್ಚಿಟ್ಟದ್ದು ಎಲ್ಲಿ? ಸೋರಿಕೆಯಾದ ಸ್ವಿಸ್ ಬ್ಯಾಂಕ್ ಕಡತ, ಪನಾಮಾ ಪೇಪರ್ಸ್ ಇವನ್ನೆಲ್ಲ ನಾರ್ವೆ, ಸ್ವೀಡನ್, ಡೆನ್ಮಾರ್ಕ್ ದಾಖಲೆಗಳ ಪಕ್ಕ ಇಟ್ಟು ನೋಡಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಟ್ಟಬೇಕಾದ ತೆರಿಗೆಯಲ್ಲಿ ಜನ ಸರಾಸರಿ ತಪ್ಪಿಸುವುದು ಸುಮಾರು 3%. ತುತ್ತತುದಿಯ 0.01% ಮಂದಿ ತಪ್ಪಿಸುವುದು ಸುಮಾರು 25%. ಅದೂ ಪ್ರಾಮಾಣಿಕತೆಗೆ ಹೆಸರಾದ ದೇಶಗಳಲ್ಲಿ! ಇದು ಗೊತ್ತಾಗಿದ್ದು ಯಾರೋ ಕಡತ ಹೊರಗೆ ಹಾಕಿದ್ದರಿಂದ, ಶ್ರೀಮಂತರೇ ಫಾರಂ ತುಂಬಿ ಕೊಟ್ಟಿದ್ದರಿಂದ ಅಲ್ಲ.

ನನಗೆ ಹೊಟ್ಟೆಕಿಚ್ಚು ಅಂತೀರಾ? ಇದೆ, ಸ್ವಲ್ಪ. ಅದಕ್ಕಿಂತ ಜಾಸ್ತಿ ಇರೋದು ನಾಚಿಕೆ. ಆ ಹೆಂಗಸರ ಅಷ್ಟೆಲ್ಲಾ ಗುಟ್ಟು ಬರೆದುಕೊಂಡು ಬಂದೆನಲ್ಲ, ಯಾರದೋ ಪ್ರಬಂಧಕ್ಕೆ ಒಂದು ಟೇಬಲ್ ಆಯಿತು. ಅವರಿಗೇನು ಸಿಕ್ಕಿತು?

‘ಕಳೆದ ವಾರ ಏನು ತಿಂದಿರಿ’ ಅಂತ ಕೇಳುವ ಧೈರ್ಯ ಇದೆಯಲ್ಲ, ಅದೇ ಧೈರ್ಯದಲ್ಲಿ ‘ಅಪ್ಪನಿಂದ ಎಷ್ಟು ಬಂತು, ಯಾವ ದೇಶದಲ್ಲಿ ಇಟ್ಟಿದ್ದೀರಿ’ ಅಂತಲೂ ಕೇಳಿ. ಅದಕ್ಕೆ ಮಾತ್ರ ದಯವಿಟ್ಟು ನನ್ನಂಥವರನ್ನು ಕಳಿಸಬೇಡಿ. ಪ್ರೊಫೆಸರ್‌ಗಳೇ ಹೋಗಲಿ, ಅವರಿಗಾದರೂ ವಾಚ್‌ಮನ್ ಕುರ್ಚಿ ಹಾಕ್ತಾನೇನೋ.