ಎಚ್‌ಟಿ-2 ಪ್ರತಿಕೃತಿ: ಹಾರಲೇಬೇಕೆ, ನಿಂತರೆ ಸಾಕೆ?

ತುಮಕೂರಿನಲ್ಲಿ ಹಳೇ ಎಚ್‌ಟಿ-2 ವಿಮಾನದ ಪ್ರತಿಕೃತಿ ಕಟ್ಟುವುದಾದರೆ ಅದನ್ನು ಹಾರುವ ಹಾಗೆ ಕಟ್ಟಬೇಕೆ, ಪ್ರದರ್ಶನಕ್ಕೆ ಮಾತ್ರವೇ?

ಪರ: ಹಾರಲೇಬೇಕು

ವಿ.ಎಂ. ಘಾಟಗೆಯವರ ತಂಡ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದ ಈ ತರಬೇತಿ ವಿಮಾನ ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು. ನಿಂತ ವಿಮಾನವೇ ಸಾಕೆನ್ನುವವರಿಗೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಎದುರಿಗೆ ಎಚ್‌ಎಎಲ್‌ನದೇ ಹಳೇ ಯುದ್ಧವಿಮಾನ ಮಾರುತ್ ಇದೆ. ಅದರ ಮುಂದೆ ಸೆಲ್ಫಿ ತೆಗೆದುಕೊಂಡವರಲ್ಲಿ ಎಷ್ಟು ಜನಕ್ಕೆ ಅದರ ಕಥೆ ಗೊತ್ತು?

ಹಾರುವಂತೆ ಕಟ್ಟಿದರೆ ಕೈಗೆ ಕಸುಬು ಹತ್ತುತ್ತದೆ. ಶೀಟುಗಳನ್ನು ಜೋಡಿಸುವ ಮೊಳೆ, ಅಂದರೆ ಒಂದು ರಿವೆಟ್ಟನ್ನೇ ನೋಡಿ. ಹೊರಗೊಬ್ಬ ರಿವೆಟ್ ಗನ್ ಹಿಡಿದಿರುತ್ತಾನೆ, ಒಳಗೆ ಇನ್ನೊಬ್ಬ ಉಕ್ಕಿನ ಗಟ್ಟಿ ಒತ್ತಿಹಿಡಿದಿರುತ್ತಾನೆ. ಒಳಗಿನವನು ಒಂದು ಚೂರು ಕೈ ಸಡಿಲಿಸಿದರೂ ಶೀಟು ತಗ್ಗು ಬೀಳುತ್ತದೆ, ರಿವೆಟ್ಟನ್ನು ಡ್ರಿಲ್ ಮಾಡಿ ತೆಗೆದು ಮತ್ತೆ ಹೊಡೆಯಬೇಕು. ಪ್ರದರ್ಶನಕ್ಕಾದರೆ ಹೊರಗಿನಿಂದ ಒಬ್ಬನೇ ಹೊಡೆಯಬಹುದಾದ ಪಾಪ್ ರಿವೆಟ್ ಹೊಡೆದು, ಪುಟ್ಟಿ ಬಳಿದು, ಪೇಂಟ್ ಹಾಕಿದರೆ ಮುಗಿಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ನಮ್ಮ ಐಟಿಐ ಹುಡುಗರು ಕಲಿಯಬೇಕಾದದ್ದು ಪುಟ್ಟಿ ಬಳಿಯುವುದನ್ನಂತೂ ಅಲ್ಲ.

ವಿರೋಧ: ನಿಂತರೆ ಸಾಕು

ರಿವೆಟ್ ಹೊಡೆಯುವುದು ಕಲಿಯಬೇಕೆ? ಸರಿ, ಪ್ರದರ್ಶನದ ವಿಮಾನಕ್ಕೂ ಅಸಲಿ ರಿವೆಟ್ಟನ್ನೇ ಹೊಡೆಯಿರಿ, ಬೇಡವೆಂದವರು ಯಾರು? ತಕರಾರಿರುವುದು ಎಂಜಿನ್ ವಿಚಾರದಲ್ಲಿ. ಎಚ್‌ಟಿ-2ರ ಮೂತಿಯಲ್ಲಿದ್ದ ಸಿರಸ್ ಮೇಜರ್ ಎಂಜಿನ್‌ನ ಉತ್ಪಾದನೆ ನಿಂತು ದಶಕಗಳೇ ಕಳೆದಿವೆ. ಅದರ ನಾಲ್ಕು ಸಿಲಿಂಡರ್ ತಲೆಕೆಳಗಾಗಿರುತ್ತವೆ. ಸುಮ್ಮನೆ ನಿಂತಾಗ ಆಯಿಲ್ ಕೆಳಗಿಳಿದು ಸಿಲಿಂಡರ್ ಸೇರುತ್ತದೆ, ಸ್ಟಾರ್ಟ್ ಮಾಡುವ ಮೊದಲು ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ನೋಡಬೇಕು. ಅದರ ಬದಲು ಈಗಿನ ಎಂಜಿನ್ ಕೂರಿಸಿದರೆ ಮೂತಿಯ ಆಕಾರವೇ ಬೇರೆಯಾಗುತ್ತದೆ, ಜೊತೆಗೆ ರೇಡಿಯೊ, ಆಂಟೆನಾ. ಹಾರಿಸುವ ಹಟಕ್ಕೆ ಬಿದ್ದವರೇ ಎಚ್‌ಟಿ-2ರ ಗುರುತು ಅಳಿಸಿದಂತಾಯಿತು.

ಹಾಗೆಂದು ಹಳೆಯದನ್ನು ಇದ್ದದ್ದಿದ್ದಂತೆ ಕಟ್ಟಿದರೂ ಪಾಡು ತಪ್ಪದು. ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬಿದ 2003ರ ಡಿಸೆಂಬರ್ 17ರಂದು ಅಮೆರಿಕದಲ್ಲಿ ಅವರ ವಿಮಾನದ ತದ್ರೂಪು ಹಾರಬೇಕಿತ್ತು. ಅಭ್ಯಾಸದಲ್ಲಿ ಹಾರಿದ್ದೂ ಉಂಟು. ಆ ದಿನ ಮಳೆ, ಗಾಳಿಯೂ ಸಾಲದು. ಜನ ನೋಡುತ್ತಿದ್ದಂತೆ ಕೆಸರಿಗೆ ಕೂತಿತು.

ಇನ್ನು ವಿಮಾನ ಹಾರಾಟಕ್ಕೆ ಅನುಮತಿ ಕೊಡುವ ಕೇಂದ್ರದ ಡಿಜಿಸಿಎ ಕೇಳುವ ಕಾಗದಪತ್ರ. ಶೀಟು, ಬೋಲ್ಟು ಎಲ್ಲಿಂದ ಬಂತೆಂಬುದಕ್ಕೆಲ್ಲ ದಾಖಲೆ ಬೇಕು. ರೆಕ್ಕೆಯ ಅಗಲವೇ ಸುಮಾರು 10.7 ಮೀಟರ್. ಹಾರಿಸುವ ಆಸೆಗೆ ಅದನ್ನು ಬಿಚ್ಚಿ ಲಾರಿಗೇರಿಸಿ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ವರೆಗೆ ಒಯ್ಯಬೇಕು, ಅದೂ ಅನುಮತಿ ಸಿಕ್ಕರೆ. ಆಮೇಲೆ ವರ್ಷವರ್ಷ ತಪಾಸಣೆ, ವಿಮೆ, ಹ್ಯಾಂಗರ್ ಬಾಡಿಗೆ. ಇಷ್ಟೆಲ್ಲ ಸುರಿದ ಮೇಲೆ ಶಾಲೆಯ ಮಕ್ಕಳನ್ನು ಹತ್ತಿರ ಬಿಡುವ ಧೈರ್ಯ ಯಾರಿಗಿರುತ್ತದೆ?

ನಿಂತ ವಿಮಾನದಲ್ಲಿ ಆ ಭಯವಿಲ್ಲ. ಮಕ್ಕಳು ಸೀಟಿನಲ್ಲಿ ಕೂತು ಸ್ಟಿಕ್ ಎಳೆದು, ಹಿಂದೆ ಬಾಲದ ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಪಟ್ಟಿ) ಏಳುವುದನ್ನು ತಿರುಗಿ ನೋಡಬಹುದು. ಒಂದು ರೆಕ್ಕೆಗೆ ಶೀಟು ಹೊದಿಸದೆ ಒಳಗಿನ ಸ್ಪಾರು (ಉದ್ದದ ತೊಲೆ), ರಿಬ್ಬು (ಅಡ್ಡ ಪಕ್ಕೆಲುಬು) ಕಾಣುವಂತೆ ಬಿಡಬಹುದು. ಹಾರುವ ವಿಮಾನದಲ್ಲಿ ಅದು ಸಾಧ್ಯವೇ ಇಲ್ಲ.