ನಡ ಹಿಡಿದ ಮೊದಲ ವಾರದಲ್ಲೇ ವ್ಯಾಯಾಮ ಬೇಕಾ?

ಪರ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಮೊದಲ ವಾರದಲ್ಲೇ ವ್ಯಾಯಾಮ ಬೇಕು ಅನ್ನುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ನಡ ಹಿಡಿದ ಕೂಡಲೇ ಹಾಸಿಗೆ ಹಿಡಿಯುವುದು ತಪ್ಪು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಇಳಕಲ್‌ನಲ್ಲಿ ಕುಣಿ ಮಗ್ಗದಲ್ಲಿ ದಿನವಿಡೀ ಕೂರುವ ನೇಕಾರರಿಗೆ ನೋವಿಗಿಂತ ಅಂಜಿಕೆಯೇ ಜಾಸ್ತಿ: ಬಗ್ಗಿದರೆ ಎಲುಬು ಸರಿದೀತು ಅಂತ. ಆ ಅಂಜಿಕೆ ಬಿಡಿಸಲು ವ್ಯಾಯಾಮ ಒಳ್ಳೆಯ ದಾರಿ.

ಆಸ್ಟ್ರೇಲಿಯಾದ ಒಂದು ಅಧ್ಯಯನ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಡುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನ ಅದರಲ್ಲಿದ್ದರು. ಹಂತ ಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಸುಮಾರು 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ನೋವು ಇರುವಾಗಲೇ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಎದುರಿನವರು ಬರೆಯಲಿ.

ವಿರೋಧ

ಪರದವರ ಮಾತು ಕೇಳಿದರೆ ನಡ ಹಿಡಿದವನನ್ನು ನೆಟ್ಟಗೆ ಗರಡಿ ಮನೆಗೆ ಒಯ್ದು ದಂಡ ಹೊಡೆಸಬೇಕು!

ನಮ್ಮ ಕಾಕಾ ಮುಧೋಳದ ಹತ್ತಿರ ಟ್ರ್ಯಾಕ್ಟರಿಗೆ ಕಬ್ಬು ಏರಿಸುವಾಗ ಹಾಗೇ ಕುಸಿದು ಕೂತರು. ಕಾಲು ಮುಂದಾಗಿ ಹುಟ್ಟಿದವರಿಂದ ನಡಕ್ಕೆ ಒದೆಸಿರಿ ಅಂತ ಓಣಿಯವರು ಹೇಳಿದರು. ನಾನು ಬ್ಯಾಡ ಅಂದು ವ್ಯಾಯಾಮದ ಕೇಂದ್ರಕ್ಕೆ ಕರೆದೊಯ್ದೆ. ಹತ್ತು ದಿನದ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಮೂರನೇ ದಿನ ಬೋರಲು ಮಲಗಿಸಿ ಎದೆ ಎತ್ತಿಸುತ್ತಿದ್ದರು. ಕಾಕಾ ಚಾಪೆಯ ಅಂಚು ಹಿಡಿದಿದ್ದರು, ಹಣೆಯ ಬೆವರು ಚಾಪೆಗೆ ತೊಟ್ಟಿಕ್ಕುತ್ತಿತ್ತು. "ತಮ್ಮಾ, ಸಾಕೋ. ಮನಿಗೆ ಹೋಗೂಣು" ಅಂದರು. ಆ ದನಿ ನನಗೆ ಇನ್ನೂ ಮರೆತಿಲ್ಲ.

ಆಮೇಲೆ ನಾನು ಓದಿದೆ. 1995ರಲ್ಲಿ ಹೆಲ್ಸಿಂಕಿ ನಗರಸಭೆಯ 186 ನೌಕರರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಇನ್ನೊಂದಕ್ಕೆ ಆದಷ್ಟು ದಿನನಿತ್ಯದ ಕೆಲಸ. ಬೇಗ ಸುಧಾರಿಸಿದ್ದು ಕೆಲಸದ ಗುಂಪು. ವೈದ್ಯಕೀಯ ಅಧ್ಯಯನಗಳನ್ನು ಕಲೆಹಾಕಿ ತೂಗುವ ಕಾಕ್ರೇನ್ ಸಂಸ್ಥೆ 2023ರಲ್ಲಿ 23 ಅಧ್ಯಯನ, 2,674 ಜನರ ಲೆಕ್ಕ ಒಟ್ಟು ಮಾಡಿತು. ಹೊಸ ನೋವಿಗೆ ವ್ಯಾಯಾಮ ಮಾಡಿದರೂ ಬಿಟ್ಟರೂ ಮೊದಲ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಪುರಾವೆ ತೀರಾ ಸಡಿಲ ಅಂತಲೂ ಅವರೇ ಬರೆದಿದ್ದಾರೆ. ಇಷ್ಟು ಸಡಿಲ ಪುರಾವೆ ಇಟ್ಟುಕೊಂಡು ಕೂಲಿ ಮಾಡುವವರಿಂದ ದುಡ್ಡು ಕೀಳಬಹುದಾ?

ಹಳೆ ನೋವು, ಅಂದರೆ ಮೂರು ತಿಂಗಳು ದಾಟಿದ್ದು, ಬೇರೆ ಮಾತು. ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

ಕಾಕಾಗೆ ಅಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಬಿಸಿನೀರಿನ ಶಾಖ ಕೊಟ್ಟೆವು. ಗೋಡೆ ಹಿಡಿದು ದನದ ಕೊಟ್ಟಿಗೆತನಕ ನಡೆದರು, ಮರುದಿನ ಬಾವಿತನಕ. ಮೂರನೇ ವಾರ ಎಮ್ಮೆಗೆ ಮೇವು ಅವರೇ ಹಾಕುತ್ತಿದ್ದರು.